ಡೌಟ್ ಕೇಳೋಕೆ ಹೋದವರು

ಆಸ್ಟಿನ್‌ನಲ್ಲಿ ನನಗೀಗ ಇಂಜಿನಿಯರಿಂಗ್ ಕೊನೆ ವರ್ಷ. ಜೊತೆಗೆ ಹೊಸಬರಿಗೆ ಮೆಂಟರ್ ಕೂಡ. ಎಲ್ಲರಿಗೂ ನಾನು ಹೇಳುವ ಬುದ್ಧಿಮಾತು ಒಂದೇ: ಆಫೀಸ್ ಅವರ್ಸ್‌ಗೆ ಹೋಗಿ. ವಾರಕ್ಕೆ ಎರಡು ಗಂಟೆ ಪ್ರೊಫೆಸರು ತಮ್ಮ ರೂಮಿನ ಬಾಗಿಲು ತೆಗೆದು ಕೂತಿರುತ್ತಾರೆ, ಯಾರು ಬೇಕಾದರೂ ಹೋಗಿ ಡೌಟ್ ಕೇಳಬಹುದು. ಇಷ್ಟು ಸರಳವಾದ ವಿಷಯದಲ್ಲೂ ನಮ್ಮವರ ಫಜೀತಿಗೆ ಕೊನೆಯೇ ಇಲ್ಲ.

ಮೊದಲನೆಯ ಪೆದ್ದ ನಾನೇ

ಮೈಸೂರಿನಲ್ಲಿ ಏಳನೇ ಕ್ಲಾಸ್ ಮುಗಿಸಿ ಇದೇ ರಾಜ್ಯದ ಕಾಪೆಲ್ ಎಂಬ ಊರಿಗೆ ಬಂದವನು ನಾನು. ಫಸ್ಟ್ ಇಯರ್‌ನಲ್ಲಿ ಧೈರ್ಯ ಮಾಡಿ ಪ್ರೊಫೆಸರ ರೂಮಿನವರೆಗೂ ಹೋದೆ. ಒಳಗೆ ಬಾ ಅನ್ನಲಿ ಎಂದು ಬಾಗಿಲಲ್ಲಿ ಕೈಕಟ್ಟಿ ನಿಂತೆ. ನಾಲ್ಕಾರು ಜನ ನನ್ನನ್ನು ದಾಟಿಕೊಂಡು ಹೋಗಿ ಬಂದರು. ಗಂಟೆಯಾದ ಮೇಲೆ ಪ್ರೊಫೆಸರು ಬ್ಯಾಗ್ ಹಿಡಿದು ಹೊರಬಂದು, "ನಿನ್ನ ಫ್ರೆಂಡ್ ಇನ್ನೂ ಬರಲಿಲ್ವಾ?" ಎಂದು ಕನಿಕರದಿಂದ ಕೇಳಿದರು. "ಇಲ್ಲ ಸರ್" ಎಂದು ನಾನೂ ಹೊರಟೆ.

ಒಬ್ಬನೇ ಸಾಕು

ಕಳೆದ ವರ್ಷ ನಾಲ್ವರು ಹುಡುಗರು ಒಂದು ಉಪಾಯ ಮಾಡಿದರು. ತಮ್ಮಲ್ಲಿ ಮರ್ಯಾದೆಯ ಚಿಂತೆ ಅತಿ ಕಡಿಮೆ ಇದ್ದವನನ್ನು ಆರಿಸಿ, ಎಲ್ಲರ ಡೌಟುಗಳನ್ನೂ ಅವನ ಕೈಯಲ್ಲಿ ಕೊಟ್ಟು ಕಳಿಸಿದರು. ಪ್ರೊಫೆಸರಿಗೆ ಅವನ ಮೇಲೆ ಎಂಥ ಅಕ್ಕರೆ ಹುಟ್ಟಿತೆಂದರೆ, ಇಡೀ ಕ್ಲಾಸಿನಲ್ಲಿ ಅವನೊಬ್ಬನ ಹೆಸರು ಅವರಿಗೆ ಬಾಯಿಪಾಠ. ಚಕ್ಕರ್ ಹೊಡೆಯುವುದರಲ್ಲಿ ನಿಪುಣನಾಗಿದ್ದವನಿಗೆ ಪಾಪ, ಆಮೇಲೆ ಒಂದು ಕ್ಲಾಸನ್ನೂ ತಪ್ಪಿಸಲಾಗಲಿಲ್ಲ.

ಧಾರವಾಡದ ಅಂಕಲ್

ಈ ವರ್ಷ ಎರಡೂವರೆ ಗಂಟೆ ದಾರಿಯ ಫುಲ್‌ಶೀರ್ ಎಂಬ ಊರಿನಿಂದ ಒಬ್ಬ ಹುಡುಗಿ ಬಂದಳು. ಮೆಕ್ಯಾನಿಕ್ಸ್‌ನ ಮೊದಲ ಟೆಸ್ಟಿನಲ್ಲೇ ಫೇಲು. "ಐ ಆಮ್ ಡ್ರಾಪಿಂಗ್ ಇಟ್" ಅಂದಳು. ಆ ಕೋರ್ಸ್ ಬಿಡಲು ಶುಕ್ರವಾರ ಕೊನೆಯ ದಿನ. ಇದನ್ನು ಬಿಟ್ಟರೆ ಇಂಜಿನಿಯರಿಂಗನ್ನೇ ಬಿಟ್ಟುಬಿಡುತ್ತಾಳೆಂದು ನನಗೆ ನಿಜವಾಗಿ ಹೆದರಿಕೆಯಾಯಿತು. "ಗುರುವಾರ ಒಂದು ಸಲ ಪ್ರೊಫೆಸರನ್ನು ನೋಡು" ಅಂದೆ. ಅದನ್ನವಳು ಮನೆಯಲ್ಲಿ ಹೇಳಿದಳು.

ಧಾರವಾಡದವರಾದ ಅವಳಪ್ಪನ ಫೋನ್ ಬಂತು. "ತಮ್ಮಾ, ಪ್ರೊಫೆಸರ್ ರೂಮಿಗೆ ಹೋಗಂದಿಯಂತ. ಏನ್ ತಪ್ಪ್ ಮಾಡ್ಯಾಳ ನಮ್ ಹುಡುಗಿ?"

ಅವರು ಊರಲ್ಲಿ ಇಂಜಿನಿಯರಿಂಗ್ ಓದುವ ಕಾಲದಲ್ಲಿ ಆ ರೂಮಿಗೆ ಹೋಗುತ್ತಿದ್ದುದು ಬೈಸಿಕೊಳ್ಳಲು, ಅದೂ ಅಪ್ಪನ ಜೊತೆ. ನಾನೆಷ್ಟು ಬಿಡಿಸಿ ಹೇಳಿದರೂ ಕೇಳದೆ, ಗುರುವಾರ ಇನ್‌ಶರ್ಟ್ ಮಾಡಿಕೊಂಡು ಆಸ್ಟಿನ್‌ವರೆಗೆ ಡ್ರೈವ್ ಮಾಡಿಕೊಂಡು ಬಂದೇಬಿಟ್ಟರು. ಹುಡುಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ನಮ್ಮಿಬ್ಬರ ಜೊತೆ ಬಾಗಿಲಲ್ಲಿ ಕಾಯುತ್ತಾ ಅವರು ಮಗಳ ಉತ್ತರಪತ್ರಿಕೆ ತಿರುವಿದರು. ಸೈಕಲ್ ತುಳಿದಾಗ ಹಿಂದಿನ ಚಕ್ರದ ಮೇಲೆ ರಸ್ತೆಯ ಘರ್ಷಣೆ ಯಾವ ಕಡೆಗೆ? ಅವಳು ಹಿಂದಕ್ಕೆ ಬಾಣ ಹಾಕಿದ್ದಳು.

"ಕರೆಕ್ಟ್ ಐತಲ್ಲೋ! ಯಾಕ ಕಾಟ್ ಹಾಕ್ಯಾರ?" ಎಂದು ಅಂಕಲ್ ಸೀದಾ ಒಳಗೆ ನುಗ್ಗಿದರು. ಹಿಂದೆಯೇ ನಾವಿಬ್ಬರು.

ಪ್ರೊಫೆಸರು ಬೇಸರಿಸದೆ ಬೋರ್ಡಿನ ಮೇಲೆ ಬರೆದು ತೋರಿಸಿದರು. ಚಕ್ರ ರಸ್ತೆಯನ್ನು ಹಿಂದಕ್ಕೆ ನೂಕುತ್ತದೆ, ರಸ್ತೆ ಚಕ್ರವನ್ನು ಮುಂದಕ್ಕೆ ನೂಕುತ್ತದೆ. ಅಂಕಲ್ ಉತ್ತರಪತ್ರಿಕೆ ಮಡಚಿ, "ಮೂವತ್ತು ವರ್ಷದಿಂದ ತಪ್ಪಾಗಿ ತಿಳಿದುಕೊಂಡಿದ್ದೆ. ಕಾಲೇಜಿನಲ್ಲಿ ಕೇಳೋಕೆ ಹೆದರಿಕೆಯಾಗ್ತಿತ್ತು" ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡರು.

ಎಲ್ಲ ಬಲ್ಲ ಅಪ್ಪನನ್ನು ಮಗಳು ಹಾಗೆ ಕಂಡದ್ದು ಅದೇ ಮೊದಲಿರಬೇಕು. ಅವಳು ಕುರ್ಚಿ ಎಳೆದುಕೊಂಡು, "ದೆನ್ ವಾಟ್ ಅಬೌಟ್ ದ ಫ್ರಂಟ್ ವೀಲ್?" ಎಂದಳು. ಮುಕ್ಕಾಲು ಗಂಟೆ ಅಲ್ಲಿಂದ ಏಳಲಿಲ್ಲ.

"ಐ ಆಮ್ ನಾಟ್ ಡ್ರಾಪಿಂಗ್ ಇಟ್" ಎನ್ನುತ್ತಾ ನನ್ನ ಜೊತೆ ಹೊರಗೆ ಬಂದಳು. ನನ್ನ ಎದೆಯ ಭಾರ ಇಳಿಯಿತು. ತಿರುಗಿ ನೋಡಿದರೆ ಅಂಕಲ್ ಇಲ್ಲ. ಮಗಳು ಬಿಟ್ಟ ಕುರ್ಚಿಯಲ್ಲಿ ಅವರೇ ಕೂತಿದ್ದರು.

"ಅಪ್ಪಾ, ಪ್ಲೀಸ್!" ಅಂದಳು.

ಅಂಕಲ್ ಕೈಯಾಡಿಸಿದರು. "ಇದು ಬರೇ ಫಸ್ಟ್ ಇಯರ್ ಡೌಟಾತು. ನೀವಿಬ್ರೂ ಊಟಾ ಮಾಡ್ಕೊಂಡ್ ಬರ್ರಿ, ನಂದಿನ್ನೂ ಮೂರು ವರ್ಷದ್ದು ಬಾಕಿ ಐತಿ."