ಪದ ಕೂಗುವ ಪದಕ

ಸಿಂಧುಜಾಗೆ ಇಂಗ್ಲಿಷ್ ಬರುತ್ತಿತ್ತು. ತುಮಕೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವಷ್ಟು, ಬ್ಯಾಂಕಿನವರ ಜೊತೆ ಜಗಳ ಆಡುವಷ್ಟು. ಆದರೆ ವಿದೇಶದಲ್ಲಿ ಓದಲು ಬೇಕಾದ ಜಿಆರ್‌ಇ ಪರೀಕ್ಷೆಯ ಇಂಗ್ಲಿಷ್ ಬೇರೆಯೇ ಜಾತಿಯದು. ಆ ಪದಗಳನ್ನು ಇಂಗ್ಲಿಷರೂ ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಸುತ್ತಾರೇನೋ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಮಧ್ಯಾಹ್ನದ ಮೊಸರನ್ನದ ಜೊತೆ ಹೊಟ್ಟೆಗಿಳಿದುಬಿಡುತ್ತಿತ್ತು.

ಈ ಸಂಕಟ ಸೋದರಮಾವ ಚಂದ್ರಮೌಳಿಯ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಮಿಕ್ಸಿ ರಿಪೇರಿಯ ನಡುವೆ ಲೋಕೋದ್ಧಾರದ ಯಂತ್ರಗಳನ್ನು ಕಟ್ಟುತ್ತಿದ್ದ ಆತ, ಒಂದು ಭಾನುವಾರ ಬಂದು ಅವಳ ಕೊರಳಿಗೆ ನಾಣ್ಯದಷ್ಟಗಲದ ಪದಕ ಕಟ್ಟಿದ. ಅನುಭವಿಸಿ ಕಲಿತ ಪದ ಮರೆಯುವುದಿಲ್ಲವಂತೆ. ಇದು ನಾಡಿ, ಬೆವರು ನೋಡಿ ಮನಸ್ಸಿನಲ್ಲಿರುವುದಕ್ಕೆ ತಕ್ಕ ಇಂಗ್ಲಿಷ್ ಪದವನ್ನು ಅರ್ಥಸಮೇತ ಹೇಳುತ್ತದಂತೆ.

ಅಷ್ಟರಲ್ಲಿ ಅಮ್ಮ ಗಿರಿಜಮ್ಮ ಉಪ್ಪಿಟ್ಟು ತಂದರು. ಒಂದು ತುತ್ತು ತಿಂದ ಸಿಂಧುಜಾ ಚೆನ್ನಾಗಿದೆ ಎಂದಳು. ಪದಕ, ಮಾವನದೇ ಗೊಗ್ಗರು ದನಿಯಲ್ಲಿ, “ಇನ್ಸಿಪಿಡ್. ಸಪ್ಪೆ” ಎಂದಿತು. ಗಿರಿಜಮ್ಮ ತಟ್ಟೆ ವಾಪಸು ಎತ್ತಿಕೊಂಡು ಹೋದರು.

ಪದಕ ತೆಗೆಯಲು ನೋಡಿದರೆ ಕೊಂಡಿ ಬಿಚ್ಚಲಿಲ್ಲ.

“ನೀನು ಕಳ್ಳಾಟ ಆಡಬಾರದು ಅಂತ ಬೀಗ ಹಾಕಿದೀನಿ. ಬ್ಯಾಟರಿ ಸತ್ತರೆ ತಾನೇ ಬಿಚ್ಕೊಳ್ಳುತ್ತೆ” ಎಂದ ಮಾವ.

“ಯಾವಾಗ ಸಾಯುತ್ತೆ?”

“ಅಲ್ಲೇ ಇರೋದು ನನ್ನ ಸಾಧನೆ. ಮೈ ಬಿಸಿಗೇ ಚಾರ್ಜ್ ಆಗುತ್ತೆ.”

ಮರುದಿನ ಸಹೋದ್ಯೋಗಿಯೊಬ್ಬಳು ಹೊಸ ಜುಮುಕಿ ತೋರಿಸಿದಳು. ಸಿಂಧುಜಾ ನನಗೆ ಒಡವೆಯ ಆಸೆಯೇ ಇಲ್ಲ ಎನ್ನುತ್ತಿದ್ದಂತೆ ಸೆರಗಿನೊಳಗಿಂದ, “ಕವೆಟಸ್. ಪರರ ಸೊತ್ತಿಗೆ ಬಾಯಿ ಬಿಡುವುದು” ಎಂದು ಕೇಳಿಸಿತು. ತಾನು ಇಷ್ಟು ಸಣ್ಣ ಮನಸ್ಸಿನವಳೆಂದು ಅವಳಿಗೂ ಗೊತ್ತಿರಲಿಲ್ಲ.

ನಿಜವಾದ ಗಂಡಾಂತರ ಬಂದದ್ದು ವಿಭಾಗದ ಮುಖ್ಯಸ್ಥ ಮರುಳಸಿದ್ದಯ್ಯನವರ ನಿವೃತ್ತಿಯ ಬೀಳ್ಕೊಡುಗೆಯ ದಿನ. ಅವರ ಶಿಫಾರಸು ಪತ್ರವಿಲ್ಲದೆ ಅವಳ ಅರ್ಜಿ ಮುಂದೆ ಹೋಗುವಂತಿರಲಿಲ್ಲ. ವಂದನಾರ್ಪಣೆಗೆಂದು ವೇದಿಕೆಯ ಮೇಲೆ ಕೂತ ಅವಳು ಏನನ್ನೂ ಯೋಚಿಸಬಾರದೆಂದು ಪಣ ತೊಟ್ಟಿದ್ದಳು. ಆದರೆ ಊಟದ ಹೊತ್ತು ಮೀರಿದರೂ ಅವರ ಭಾಷಣ ಮುಗಿಯಲಿಲ್ಲ.

“ಗ್ಯಾರುಲಸ್. ವಾಚಾಳಿ.”

ಅವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಗಾಬರಿಯಾಗಿ ಎದ್ದ ಸಿಂಧುಜಾ, ಇಷ್ಟು ಒಳ್ಳೆಯ ಭಾಷಣ ಜನ್ಮದಲ್ಲೇ ಕೇಳಿಲ್ಲ ಎಂದಳು.

“ಸಿಕೊಫ್ಯಾಂಟ್. ಹೊಗಳುಭಟ್ಟ.”

ಅವಳ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. ನಾಚಿಕೆಯ ಕಾವಿಗೆ ಪದಕ ಮಿತಿಮೀರಿ ಚಾರ್ಜ್ ಆಯಿತು, ಸಭಾಂಗಣದ ಧ್ವನಿವರ್ಧಕವನ್ನು ತಾನೇ ಹಿಡಿದುಕೊಂಡಿತು, ಎಲ್ಲರ ಮನಸ್ಸನ್ನೂ ಓದತೊಡಗಿತು. “ಸಾಮ್ನೊಲೆಂಟ್. ತೂಕಡಿಕೆ” ಎಂದದ್ದೇ ಮುಂದಿನ ಸಾಲಿನ ಪ್ರಿನ್ಸಿಪಾಲರು ನೆಟ್ಟಗೆ ಕೂತರು. “ರ್ಯಾವನಸ್. ಹಸಿವಿನಿಂದ ಕಂಗಾಲು” ಎಂದಾಗ ಹಿಂದಿನ ಸಾಲುಗಳೆಲ್ಲ ಚಪ್ಪಾಳೆ ತಟ್ಟಿದವು. ಕೊನೆಗೆ ಅದು ಮೈಕಿನ ಮುಂದೆ ನಿಂತಿದ್ದ ಮರುಳಸಿದ್ದಯ್ಯನವರತ್ತ ಹೊರಳಿತು.

“ಫೋರ್‌ಲಾರ್ನ್. ಯಾರೂ ಇಲ್ಲದವನ ಸಂಕಟ.”

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಕೆಳಗಿಳಿದವು. ಪದಕ ಹೊಗೆ ಬಿಟ್ಟು, ಕೊಂಡಿ ಕಳಚಿ ಕೆಳಗೆ ಬಿತ್ತು.

ಮರುಳಸಿದ್ದಯ್ಯ ಉಳಿದ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟರು. “ನಾಳೆಯಿಂದ ಎಲ್ಲಿಗೆ ಹೋಗೋದು ಅಂತ ತಿಳೀತಿಲ್ಲಮ್ಮ. ಅದಕ್ಕೇ ಮಾತು ಮುಗಿಸೋಕೆ ಮನಸ್ಸು ಬರಲಿಲ್ಲ” ಎಂದರು.

ಊಟಕ್ಕೆ ಅವಳು ಅವರ ಪಕ್ಕದಲ್ಲೇ ಕೂತಳು. ಪತ್ರದ ಮಾತು ಎತ್ತುವ ಧೈರ್ಯವಾಗಲಿಲ್ಲ. ಅವರೇ ಬರೆದುಕೊಟ್ಟರು, ಈ ಹುಡುಗಿಗೆ ಸುಳ್ಳು ಹೇಳಲು ಪ್ರಯತ್ನಪಟ್ಟರೂ ಆಗುವುದಿಲ್ಲ ಎಂದು.

ಪರೀಕ್ಷೆಯಲ್ಲಿ ಪದಗಳು ತಾವಾಗಿ ನೆನಪಾದವು, ಪ್ರತಿಯೊಂದರ ಹಿಂದೆಯೂ ಒಂದೊಂದು ಮಾನಹಾನಿ ಕೈಕಟ್ಟಿ ನಿಂತಿತ್ತು. ಒಂದೇ ಒಂದು ಪದದ ಅರ್ಥ ಮಾತ್ರ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮನೆಗೆ ಬಂದು ನಿಘಂಟು ತೆಗೆದಳು. ವಿನಯ ಎಂದಿತ್ತು. ಅಷ್ಟು ದಿನ ಕೊರಳಲ್ಲಿದ್ದರೂ ಪದಕ ಅದನ್ನು ಒಮ್ಮೆಯೂ ಕೂಗಿರಲಿಲ್ಲ.