ಎದುರು ಮನಿ ಲೋಳಸರ

ಸಿಂಧನೂರಿನ ನಮ್ಮ ಓಣ್ಯಾಗ ಗಿಡದ ಸಲುವಾಗಿ ಏನರ ಒಂದು ನಡದ ಇರ್ತೈತಿ. ಹೆಚ್ಚಿನವು ನನ್ನ ಹೊಟ್ಟಿಕಿಚ್ಚಿನಿಂದನ ಶುರು ಆಗ್ತಾವ, ಮುಚ್ಚಿಡೋದು ಯಾಕ? ಸುಟ್ಟ ಗಾಯಕ್ಕ ಲೋಳಸರ ಹಚ್ಚಿದ್ರ ತಂಪಾಗ್ತೈತಿ ಅಂತಾರ. ನನಗ ಉರಿ ಹಚ್ಚಿದ್ದ ಲೋಳಸರ.

ನೀರು

ನನ್ನ ತವರು ಗೊರೇಬಾಳ. ಕಾಲುವಿ ನೀರು, ನೆಲ್ಲಿನ ಗದ್ದಿ. ಗಿಡ ಅಂದ್ರ ಬುಡದಾಗ ನೀರು ನಿಂತಿರಬೇಕು, ನನಗ ಗೊತ್ತಿದ್ದದ್ದು ಅಷ್ಟ. ಕುಂಡ್ಯಾಗ ಲೋಳಸರ ಹಚ್ಚಿ ಮುಂಜಾನಿ ಸಂಜಿ ತಂಬಗಿ ತಂಬಗಿ ಸುರದೆ. ಕೊಳತು ನಾರಾಕ ಹತ್ತಿತು. ಎದುರು ಮನಿಯಾಕಿ ಸಂತೆಕಲ್ಲೂರಿನ ಮಗಳು, ಜ್ವಾಳದ ಸೀಮಿಯಾಕಿ. ಬಗ್ಗಿ ನೋಡಿ, "ಅಕ್ಕಾರ, ನಿಮ್ಮ ಗದ್ದಿ ಕಳೆ ತಗಿಯಾಕ ಆಳು ಕಳಿಸ್ಲೇನ್ರಿ?" ಅಂದ್ಳು.

ತಲಿಕೆಳಗ

ಆಕಿ ಲೋಳಸರ ನೆಲಾನ ಮುಟ್ಟಿಲ್ಲ. ಮನಿಗೆ ದೃಷ್ಟಿ ಆಗಬಾರದು ಅಂತ ಬೇರು ಸಮೇತ ಕಿತ್ತು, ದಾರ ಕಟ್ಟಿ, ಬಾಗಿಲ ಮ್ಯಾಲೆ ತಲಿಕೆಳಗ ಜೋತು ಬಿಟ್ಟಾಳ. ಮಣ್ಣಿಲ್ಲ, ನೀರಿಲ್ಲ. ಅಂಥಾದ್ದು ಹೂ ಬಿಟ್ಟತು! ಮನಿಗೆ ಒಳ್ಳೇದಾಗ್ತೈತಿ ಅಂತ ಓಣಿ ಮಂದಿಯೆಲ್ಲಾ ನೋಡಾಕ ಬಂದ್ರು. ನಾ ಹೋಗಲಿಲ್ಲ. ನಮ್ಮ ಕಟ್ಟಿ ಮ್ಯಾಲೆ ಕುಂತು ಸಾಲಿ ಹುಡುಗರ ಕಾಪಿ ತಿದ್ದಕೋತ ಅದನ್ನ ನೋಡತಿದ್ದೆ. ತಿದ್ದಿದ್ದಕಿಂತ ನೋಡಿದ್ದ ಹೆಚ್ಚು. ಏನ ತಿಂದು ಬೆಳೀತೈತಿ ಇದು ಅಂತ ಒಳಗೊಳಗ ಕುದೀತಿದ್ದೆ.

ಸ್ವಲ್ಪ ದಿನಕ್ಕ ಆಕಿ ಇನ್ನೊಂದು ಕಟ್ಟಿದ್ಳು, ಸರಿಯಾಗಿ ನಾ ಕುಂದ್ರೋ ಜಾಗದ ಎದುರಿಗೆ.

"ಎರಡ್ಯಾಕ ಕಟ್ಟ್ಯಾಳ್ರಿ?" ಅಂತ ನಮ್ಮ ಮನಿಯವರನ್ನ ಕೇಳಿದೆ.

"ನಿನಗ ಒಂದು ಸಾಲವಲ್ದು ಕಾಣ್ತೈತಿ," ಅಂದ್ರು.

ಮರಿ

ಮಾನ ಬಿಟ್ಟು ಆಕಿ ಹತ್ರನ ಒಂದು ಮರಿ ಇಸ್ಕೊಂಡು ಬಂದು ನಮ್ಮ ಬಾಗಿಲಿಗೂ ಕಟ್ಟಿದೆ. ಆದ್ರ ಒಣ ಬೇರು ನೋಡಿದ್ರ ನನಗ ಸಮಾಧಾನ ಆಗಬೇಕಲ್ಲ? ಗೊರೇಬಾಳದ ಕೈ. ಹಸಿ ಬಟ್ಟಿ ಸುತ್ತಿಬಿಟ್ಟೆ. ಅವತ್ತ ನಮ್ಮ ಹೆಡ್‌ಮಾಸ್ತರು ಮನಿಗೆ ಬಂದ್ರು. ಬಾಗಿಲದಾಗ ನಿಂತು ಮಾತಾಡಾಕತ್ತಿದ್ರು, ಬೋಳು ತಲಿ ಮ್ಯಾಲೆ ತಟ್ ತಟ್ ಅಂತ ನೀರು ಬೀಳಾಕ ಹತ್ತಿತು. ಕರ್ಚೀಪಿಲೆ ಒರಿಸಿಕೊಂಡು, "ಮೇಡಂ, ಅಭಿಷೇಕ ಆತು. ಮಂಗಳಾರತಿ ತರ್ರಿ," ಅಂದ್ರು.

ಲಿಂಗಸುಗೂರು

ಲಿಂಗಸುಗೂರಿನ್ಯಾಗ ಒಂದ ವಾರ ಟ್ರೇನಿಂಗ್ ಬಂತು. ಆ ಹೂ ನೋಡೋದರ ತಪ್ಪತು ಅಂತ ಹೋದೆ. ನಡುವ ಆಕಿ ಫೋನು. ದನಿ ಸಣ್ಣಗಾಗಿತ್ತು.

"ಅಕ್ಕಾರ, ಯಾವಾಗ ಬರ್ತೀರಿ?"

"ಯಾಕ ಯವ್ವಾ?"

"ಹೂ ಬಾಡ್ಯಾವ್ರಿ. ಎಲಿನೂ ಸುಕ್ಕಾಕತ್ತಾವ."

ಬಾಯಿಲೆ ಪಾಪ ಅಂದೆ. ಹೊಟ್ಟ್ಯಾಗ ಸಕ್ರಿ ಬಿದ್ದಂಗಾತು. ಟ್ರೇನಿಂಗ್ ಮುಗಿಸಿ ಹೊಂಟಾಗ ಮಸ್ಕಿ ದಾಟೋತನಕ ಬಸ್ಸಿನ್ಯಾಗ ನಗಕೋತನ ಬಂದೆ.

ಓಣಿಗೆ ಬಂದ್ರ ಆಕಿ ದಾರಿ ಕಾಯಾಕತ್ತಾಳ. ಬ್ಯಾಗು ಕಸಗೊಂಡು, ಕೈ ಹಿಡಿದು ಕರಕೊಂಡು ಹೋಗಿ, ತನ್ನ ಬಾಗಿಲ ಮುಂದ, ಲೋಳಸರಕ್ಕ ಮುಖ ಮಾಡಿ ಹಾಕಿದ್ದ ಕುರ್ಚಿ ಮ್ಯಾಲೆ ಕುಂದ್ರಿಸಿದ್ಳು.

"ನಮ್ಮತ್ತಿ ಹೇಳ್ಯಾರ್ರಿ. ಮಣ್ಣು ನೀರು ಇಲ್ಲದ ಗಿಡ ಇಷ್ಟು ದಿನ ಬೆಳದದ್ದು ನಿಮ್ಮ ಕಣ್ಣು ತಿಂದನ ಅಂತ. ನೀವು ಹೋದ ಮ್ಯಾಲೆ ಉಪಾಸ ಬಿದ್ದೈತಿ."

ಆಕಿ ಕುರ್ಚಿ ಇನ್ನಷ್ಟು ಮುಂದಕ್ಕ ಸರಿಸಿದ್ಳು.

"ನಾ ಚಾ ಇಡ್ತೀನಿ, ಅಕ್ಕಾರ. ಅಷ್ಟೊತ್ತನಕ ನೀವು ಜರಾ ಹೊಟ್ಟಿಕಿಚ್ಚು ಪಡ್ರಿ."