ಎಂಟು ಸೆಕೆಂಡಿನ ಮಾವ

ಫಿಲ್ಮ್ ರೋಲಿನಲ್ಲಿ ಒಂದೇ ಒಂದು ಫೋಟೊಗೆ ಜಾಗ ಉಳಿದಿತ್ತು. ತೊಂದರೆ ಶುರುವಾದದ್ದು ಅಲ್ಲಿಂದ.

“ಅಪ್ಪ ನಾಳೆ ಊರಿಗೆ ಹೊರಡ್ತಾರೆ. ನಮ್ಮಲ್ಲಿ ಅವರದ್ದೊಂದು ಫೋಟೊ ಇಲ್ಲ. ಇವತ್ತಾದ್ರೂ ತೆಗೀರಿ,” ಎಂದಳು ಜಯಲತಾ.

ವಸಂತಕುಮಾರ ಹ್ಞೂಂ ಎಂದ. ಆದರೆ ಆ ಒಂದನ್ನು ಅವನು ಕನ್ನಡ ಸಂಘದ ಸ್ಪರ್ಧೆಗೆಂದು ಎತ್ತಿಟ್ಟಿದ್ದ. ವಿಷಯ, ಚಲನೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಮುಸ್ಸಂಜೆ ಎಂಟು ಸೆಕೆಂಡು ಶಟರ್ ತೆರೆದಿಟ್ಟರೆ, ಲೋಕಲ್ ರೈಲಿನಿಂದ ಇಳಿದ ಜನವೆಲ್ಲ ಚಿತ್ರದಲ್ಲಿ ಹೊಗೆಯಾಗಿ ಹರಿಯಬೇಕು. ಆಫೀಸಿನವರ ಕ್ಯಾಮರಾ, ಸ್ಟ್ಯಾಂಡು ಬೇಡಿ ತಂದದ್ದೇ ಅದಕ್ಕೆ.

ಸಂಜೆ ಅವನು ಸೇತುವೆಗೆ ಹೋದರೆ, ಮಾವ ಮುಂಡಪ್ಪನವರು ಇಸ್ತ್ರಿ ಅಂಗಿ ತೊಟ್ಟು ಹಿಂದೆಯೇ ಬಂದರು. ಅವರ ಹಿಂದೆ ಪಕ್ಕದ ಖೋಲಿಯ ಮಾಪಣ್ಣ, ಯಾರೂ ಕರೆಯದೆ.

“ಮಾವ, ನೀವು ಸ್ವಲ್ಪ ಬದಿಗೆ...”

“ಏನ್ ಬದಿಗ್ರೀ! ಹಿರೇರನ್ನ ನಡುವ ನಿಂದ್ರಸ್ರಿ!” ಮಾಪಣ್ಣ ಅವರನ್ನು ದಾರಿಯ ಮಧ್ಯಕ್ಕೇ ತಂದು ನಿಲ್ಲಿಸಿದ.

ಅಷ್ಟರಲ್ಲಿ ಲೋಕಲ್ ಬಂತು. ವಸಂತಕುಮಾರ ಹಲ್ಲು ಕಚ್ಚಿ ಶಟರ್ ತೆರೆದ. ಮುದುಕರು ಎಂಟು ಸೆಕೆಂಡು ಅಲುಗದೆ ನಿಲ್ಲುವುದುಂಟೆ? ಅವರೂ ಹೊಗೆಯಾದಾರು.

ಹರಿದ ಚೀಲದ ಅಕ್ಕಿಯಂತೆ ಜನ ಸುರಿಯಿತು. ಮೊಣಕೈ, ಛತ್ರಿ, ಬೈಗುಳ. ಮುಂಡಪ್ಪನವರು ರೆಪ್ಪೆ ಕೂಡ ಮಿಟುಕಿಸಲಿಲ್ಲ.

“ನಮ್ಮ ಮದುವೆಗೆ ಸ್ಟುಡಿಯೋದಲ್ಲಿ ಹೀಗೇ ನಿಲ್ಲಿಸಿದ್ದು ಮಾರಾಯ, ಉಸಿರು ಬಿಡ್ಲಿಕ್ಕಿಲ್ಲ,” ಎಂದರು ಆಮೇಲೆ. “ಅದನ್ನು ಗೆದ್ದಲು ತಿಂತು. ಇದಾದ್ರೂ ಉಳೀಲಿ.”

ಪ್ರಿಂಟಿನಲ್ಲಿ ಜನವೆಲ್ಲ ಹೊಗೆ. ನಡುವೆ ಮಾವ ಮಾತ್ರ ಗೋಡೆಗೆ ಹೊಡೆದ ಮೊಳೆ. ಚಲನೆಯ ಸ್ಪರ್ಧೆಗೆ ಮೊಳೆ ಕಳಿಸುವುದೆ? ವಸಂತಕುಮಾರ ಪ್ರಿಂಟನ್ನು ಹರಿದ. ನೆಗೆಟಿವಿನಲ್ಲಿದ್ದ ಮಾವನನ್ನು ಬ್ಲೇಡಿನಿಂದ ಕೆರೆದು ತೆಗೆದ. ಹೊಸ ಪ್ರಿಂಟಿನಲ್ಲಿ ಆ ಜಾಗ ಬರೀ ಕಪ್ಪು ನೆರಳಾಯಿತು.

“ಫೋಟೊ ಸರಿ ಬರ್ಲಿಲ್ಲ. ಮುಂದಿನ ಸಲ ಬಂದಾಗ ತೆಗೆದ್ರಾಯ್ತು,” ಎಂದ ಹೆಂಡತಿಗೆ.

ಮೊದಲ ಬಹುಮಾನ ಬಂತು. ಬಹುಮಾನವೆಂದರೆ ಅವನು ತೆಗೆದ ಆ ಚಿತ್ರಕ್ಕೇ ಗಾಜು ಹಾಕಿದ ದೊಡ್ಡ ಫ್ರೇಮು. ಅದನ್ನು ಹೊತ್ತು ಮನೆಗೆ ಬಂದರೆ, ಜಯಲತಾಳ ಕೈಯಲ್ಲಿ ಊರಿನ ಟೆಲಿಗ್ರಾಂ.

ಮಾವನ ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿಸಿ ಊರಿನಿಂದ ಮರಳಿದ ಮೇಲೆ ಗೋಡೆಗೆ ಹಾಕಲು ಅಪ್ಪನ ಫೋಟೊ ಬೇಕಾಯಿತು. ವಸಂತಕುಮಾರ ಎಲ್ಲ ಹೇಳಿಬಿಟ್ಟ. ಅವಳು ಬಯ್ಯಲಿಲ್ಲ.

“ಎಲ್ಲಿ ನಿಂತಿದ್ರು?”

ಅವನು ಬೆರಳಿಟ್ಟು ತೋರಿಸಿದ ಕಡೆ, ಗಾಜಿನ ಮೇಲೆ, ಅವಳು ಗಂಧದ ಬೊಟ್ಟಿಟ್ಟಳು. ಹಾರ ಹಾಕಿದಳು.

ಮಾಪಣ್ಣ ಬಾಗಿಲಲ್ಲಿ ಇಣುಕಿದ.

“ಯಾಕ್ರೀ, ಸ್ಟೇಷನ್ನಿಗೆ ಹಾರ ಹಾಕೀರಿ? ಹಿರೇರನ್ನ ನಾನೇ ನಡುವ ನಿಂದ್ರಿಸಿದ್ನಲ್ಲ, ಎಲ್ಲಿ ಹೋದ್ರವ್ರು?”